ಮುಂದಕ್ಕೆ ಬಗ್ಗಿ ತಿನ್ನುತ್ತಿದ್ದವರು

ಅವರು ತಿನ್ನುವಾಗ ಸೊಂಟದಿಂದ ಮುಂದಕ್ಕೆ ಬಗ್ಗುತ್ತಿದ್ದರು. ಪಕ್ಕದಲ್ಲೇ ಕುರ್ಚಿ ಇದ್ದರೂ ಎದ್ದು ನಿಲ್ಲುವರು. ಕಾಲುಗಳನ್ನು ಸ್ವಲ್ಪ ಅಗಲಿಸಿ, ಎಡಗೈಯಿಂದ ಅಂಗಿಯ ಎದೆಭಾಗವನ್ನು ಹೊಟ್ಟೆಗೆ ಒತ್ತಿ ಹಿಡಿದು, ಬಾವಿಗೆ ಇಣುಕುವವರ ಹಾಗೆ ಬಗ್ಗಿ, ಬಲಗೈಯಲ್ಲಿದ್ದುದನ್ನು ಕಚ್ಚುವರು. ಲಂಡನ್ನಿನ ಗ್ರೀನ್‌ಫರ್ಡಿನಲ್ಲಿದ್ದ ನಮ್ಮ ಗೋದಾಮಿನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಒಬ್ಬಳು ಇದನ್ನು ನೋಡಿ, ಈ ಹಿರಿಯರಿಗೆ ವಾಂತಿ ಬರುತ್ತಿದೆ ಎಂದುಕೊಂಡು ನೆಲ ಒರೆಸುವ ಬಕೆಟ್ ಹಿಡಿದು ಓಡಿ ಬಂದದ್ದುಂಟು. ಒಣ ಸ್ಯಾಂಡ್‌ವಿಚ್ಚನ್ನೂ ಅವರು ಹಾಗೆಯೇ ತಿನ್ನುತ್ತಿದ್ದರು. ಸೋರುವಂಥದ್ದು ಏನೂ ಇಲ್ಲವಲ್ಲ, ಕೂತು ತಿನ್ನಬಾರದೇ ಎಂದು ಒಮ್ಮೆ ಕೇಳಿದೆ.

"ಅಭ್ಯಾಸ ಮಾರಾಯ್ರೆ. ಊರು ಬದಲಾದದ್ದು ಶರೀರಕ್ಕೆ ಇನ್ನೂ ಗೊತ್ತಾಗ್ಲಿಲ್ಲ" ಅಂದರು.

ಅವರ ಶರೀರ ಯಾವ ಊರಿನಲ್ಲಿ ಉಳಿದುಬಿಟ್ಟಿತ್ತು ಎಂಬುದನ್ನು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಹುಟ್ಟಿದ್ದು ಉಡುಪಿಯ ಕಡೆ, ಮನೆಮಾತು ಕೊಂಕಣಿ, ಭಾನುವಾರ ತಪ್ಪದೆ ಇಗರ್ಜಿ. ಆದರೆ ಹನ್ನೊಂದು ವರ್ಷ ಮಾರಿಷಸ್ಸಿನಲ್ಲಿ, ಪೂರ್ವ ಕರಾವಳಿಯ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಲಂಡನ್ನಿಗೆ ಬಂದು ಅದಕ್ಕಿಂತ ಹೆಚ್ಚು ವರ್ಷಗಳಾಗಿದ್ದವು. ಆದರೂ "ನಮ್ಮಲ್ಲಿ" ಎಂದು ಅವರು ಬಾಯ್ತೆರೆದರೆ ಅದು ಉಡುಪಿಯೂ ಅಲ್ಲ, ಅವರ ಮನೆಯಿದ್ದ ಎಜ್‌ವೇರೂ ಅಲ್ಲ, ಹಿಂದೂ ಮಹಾಸಾಗರದ ನಡುವಿನ ಆ ದ್ವೀಪ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಕೆಂಟನ್‌ನಿಂದ ಎಜ್‌ವೇರಿನವರೆಗೆ ಅರ್ಧ ಕನ್ನಡಿಗರಿಗೆ ಗುರುತು ಹತ್ತುತ್ತದೆ, ಉಳಿದರ್ಧಕ್ಕೆ ಅವರು ಫೋನ್ ಮಾಡಿ ಹೇಳುತ್ತಾರೆ. ಅಲ್ಲದೆ ಮುಂದೆ ನಾನು ಹೇಳಬೇಕಾದ ಒಂದು ಸಂಗತಿ ನನಗೆ ಗೌರವ ತರುವಂಥದ್ದಲ್ಲ. ಅದಕ್ಕೆ ಅವರ ಹೆಸರು ತಗಲಿಕೊಳ್ಳುವುದು ಬೇಡ.

ನಮ್ಮ ಪರಿಚಯವಾದದ್ದು ನನ್ನ ಅಂಜುಬುರುಕತನದಿಂದಲೇ. ಕೆಲಸಕ್ಕೆ ಸೇರಿದ ಮೊದಲ ವಾರ. ನಾನು ಡಿಸ್‌ಪ್ಯಾಚ್ ಮೇಜಿನವ, ಯಾವ ಲಾರಿ ಯಾವಾಗ ಎಲ್ಲಿಗೆ ಎಂದು ನೋಡುವವ. ಅಂದರೆ ಚಿಂತೆ ಮಾಡುವುದಕ್ಕೆ ಸಂಬಳ ಪಡೆಯುವವ. ಬೆಳಿಗ್ಗೆ ಮನೆಯಿಂದ ಹೊರಟಾಗ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯ ಹೊಕ್ಕಿತು. ಹೆಂಡತಿಗೆ ಫೋನ್ ಮಾಡಿದೆ. ಅವಳು ಆಗಲೇ ತನ್ನ ಕೆಲಸಕ್ಕೆ ಟ್ಯೂಬ್ ರೈಲು ಹತ್ತಿದ್ದಳು. "ಬಂದ್ ಮಾಡೀನೇನ? ನೀ ನೋಡಿಯೇನ? ಖರೇನ ನೋಡಿಯೇನ?" ಎಂದು ಪೆಟ್ಟಿಗೆಗಳ ಸಾಲಿನ ಮರೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದೆ. ಸಾಲಿನ ಆಚೆಯಿಂದ ಒಂದು ನಿಧಾನವಾದ ದನಿ ಬಂತು:

"ಮಾಡಿದ್ದೀರಿ ಮಾರಾಯ್ರೆ. ಮಾಡದವರು ಫೋನ್ ಮಾಡುದಿಲ್ಲ."

ಅಂದಿನಿಂದ ಅವರು ನನ್ನನ್ನು 'ಧಾರವಾಡದವ್ರೆ' ಎಂದು ಕರೆದರು, ನಾನು ಅವರನ್ನು 'ಸಾಹೇಬ್ರ' ಎಂದೆ. ನನಗಿಂತ ಹದಿನೈದು ವರ್ಷ ದೊಡ್ಡವರು. ಒಳಗೆ ಬರುವ ಸರಕನ್ನು ಎಣಿಸಿ ತೆಗೆದುಕೊಳ್ಳುವುದು ಅವರ ಕೆಲಸ. ಹೋಟೆಲಿನ ಸ್ಟೋರಿನಲ್ಲಿ ಬದನೆಕಾಯಿ, ಇಲ್ಲಿ ನಲ್ಲಿಯ ಬಿಡಿಭಾಗ, ವ್ಯತ್ಯಾಸ ಇಷ್ಟೇ ಎನ್ನುತ್ತಿದ್ದರು: ನಲ್ಲಿಯನ್ನು ಮೂಸಿ ನೋಡಲು ಬರುವುದಿಲ್ಲ.

ತಿನ್ನುವ ಜಾಗ ಹುಡುಕುವುದರಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ. ಬೇರೆಯವರು ಫೋನಿನಲ್ಲಿ ಅಂಗಡಿಗೆ ಜನ ಕೊಟ್ಟ ನಕ್ಷತ್ರ ಎಣಿಸುತ್ತಿದ್ದರೆ ಅವರು ಮೊದಲು ಅಂಗಡಿಯ ಹಿಂದಿನ ಓಣಿಗೆ ಹೋಗುತ್ತಿದ್ದರು. ಎದುರಿನ ಬಾಗಿಲು ಅಂಗಡಿಯವರು ಹೇಳಿಕೊಳ್ಳುವುದನ್ನು ಹೇಳುತ್ತದೆ, ಹಿಂದಿನ ಬಾಗಿಲು ಅವರು ಬೇಯಿಸುವುದನ್ನು ಹೇಳುತ್ತದೆ ಎಂಬುದು ಅವರ ಸಿದ್ಧಾಂತ. ಅಲ್ಲಿ ಖಾಲಿ ಬುಟ್ಟಿಗಳಲ್ಲಿ ಈರುಳ್ಳಿ ಸಿಪ್ಪೆ, ಕೊತ್ತಂಬರಿ ದಂಟು ಇದ್ದರೆ ಒಳಗೆ ಹೋಗಬಹುದು. ಬರೀ ಡಬ್ಬಗಳಿದ್ದರೆ ಮುಂದೆ ನಡೆಯಬೇಕು. ಎರಡನೆಯದಾಗಿ, ತಿನ್ನುತ್ತಿರುವವರನ್ನು ನೋಡಬಾರದು, ಹಸಿದವನು ಏನನ್ನಾದರೂ ತಿಂದಾನು. ತಿಂದು ಹೊರಗೆ ಬಂದವರನ್ನು ನೋಡಬೇಕು. ಬಂದವರೇ ಫೋನ್ ತೆಗೆದರೆ ಅಡುಗೆ ಸಾಧಾರಣ. ಹೊಸ್ತಿಲ ಆಚೆ ಸ್ವಲ್ಪ ಹೊತ್ತು ಏನೂ ಮಾಡದೆ ಸುಮ್ಮನೆ ನಿಂತರೋ, ಅದು ಒಳ್ಳೆಯ ಜಾಗ.

ಅಗ್ಗದ ಜಾಗಗಳ ಬಗ್ಗೆ ನನಗಿದ್ದ ಭಯವನ್ನು ಅವರು ಎಂದೂ ಒಪ್ಪಲಿಲ್ಲ. "ಅಗ್ಗದ ಅಂಗಡಿಯಲ್ಲಿ ಮಾಡುವವ ತಿನ್ನುವವನಿಗೆ ಹೆದರ್ತಾನೆ, ನಾಳೆ ಇವ ಬಾರದಿದ್ರೆ ಅಂತ. ದುಬಾರಿ ಅಂಗಡಿಯಲ್ಲಿ ತಿನ್ನುವವನೇ ಹೆದರುದು. ನಿಮಗೆ ಎರಡೂ ಕಡೆ ಹೆದರಿಕೆ, ಅದಕ್ಕೆ ಮದ್ದಿಲ್ಲ."

ಶನಿವಾರಗಳಲ್ಲಿ ಅವರ ಹಿಂದೆ ನಾನು ಎಷ್ಟು ಓಣಿ ಸುತ್ತಿದ್ದೇನೋ ಲೆಕ್ಕವಿಲ್ಲ. ಗ್ರೀನ್‌ಫರ್ಡಿನಲ್ಲಿ ಟೈರ್ ಬದಲಿಸುವ ಒಂದು ಶೆಡ್ಡಿನ ಹಿಂದೆ ಜಾಫ್ನಾದ ಒಬ್ಬ ಅಮ್ಮ ಬೆಳಿಗ್ಗೆ ಹನ್ನೊಂದರವರೆಗೆ ಮಾತ್ರ ಶಾವಿಗೆ ಒತ್ತಿ ಬೇಯಿಸಿ, ತೆಂಗಿನಕಾಯಿ ಹಾಲಿನ ಸಾರಿನೊಂದಿಗೆ ಕೊಡುತ್ತಿದ್ದಳು. ಬೋರ್ಡಿಲ್ಲ, ಮೇಜಿಲ್ಲ. ಸಾಹೇಬರು ಅದನ್ನು ಪತ್ತೆ ಮಾಡಿದ್ದು ಟೈರ್ ಶೆಡ್ಡಿನ ಹುಡುಗರು ಬೆಳಗಿನ ಹೊತ್ತು ಬೈಯುವುದಿಲ್ಲ, ಮಧ್ಯಾಹ್ನ ಮಾತ್ರ ಬೈಯುತ್ತಾರೆ ಎಂಬುದನ್ನು ಗಮನಿಸಿ. ನಾನು ಮೊದಲ ಸಲ ಹೋದಾಗ ಜೇಬಿನಲ್ಲಿ ಹೊಟ್ಟೆಯ ಮಾತ್ರೆ ಇಟ್ಟುಕೊಂಡು ಹೋಗಿದ್ದೆ. ತಿಂದು ಹೊರಗೆ ಬಂದು ಟೈರುಗಳ ನಡುವೆ ಏನೂ ಮಾಡದೆ ನಿಂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ಒರೆಸಿಕೊಂಡು ಮುಂದೆ ನಡೆದರು.

ಆದರೆ ಇವೆಲ್ಲ ಅವರಿಗೆ ರೂಢಿ ತಪ್ಪದಿರಲೆಂಬ ಅಭ್ಯಾಸ ಅಷ್ಟೇ. ಮನಸ್ಸು ಇದ್ದದ್ದು ಫ್ಲಾಕ್ ಎಂಬ ಊರಿನ ಬಸ್‌ಸ್ಟ್ಯಾಂಡಿನಲ್ಲಿ.

ಹೋಟೆಲಿನ ವ್ಯಾನಿನಲ್ಲಿ ಅವರು ವಾರಕ್ಕೆ ಮೂರು ದಿನ ಬೆಳಿಗ್ಗೆ ಫ್ಲಾಕ್ ಸಂತೆಗೆ ತರಕಾರಿ ತರಲು ಹೋಗುತ್ತಿದ್ದರಂತೆ. ಹೋಟೆಲಿನಲ್ಲಿ ಊಟ ಪುಕ್ಕಟೆ. ಆದರೆ ಫ್ರೆಂಚರಿಗೆಂದು ಮಾಡಿದ್ದು, ಉಪ್ಪು ಹುಳಿ ಖಾರ ಒಂದನ್ನೊಂದು ಮಾತಾಡಿಸದ ಊಟ. ಆದ್ದರಿಂದ ತರಕಾರಿ ವ್ಯಾನಿಗೆ ಏರಿಸಿದ ಮೇಲೆ ಬಸ್‌ಸ್ಟ್ಯಾಂಡಿನ ಮೂಲೆಗೆ ಹೋಗುವುದು. ಅಲ್ಲಿ ಒಂದು ಕಟ್ಟೆಯ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬಟ್ಟೆ ಮುಚ್ಚಿದ ದಾಲ್ ಪುರಿಯ ರಾಶಿ. ಹೆಸರಿಗೆ ಪುರಿ, ಕರಿಯುವುದಿಲ್ಲ. ಕಡಲೆಬೇಳೆ ಬೇಯಿಸಿ ಪುಡಿ ಮಾಡಿ, ಕಣಕದೊಳಗೆ ತುಂಬಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಬೇಯಿಸುವುದು. ಅದರೊಳಗೆ ದಪ್ಪ ಅವರೆಕಾಳಿನಂಥ ಕಾಳಿನ ಗಸಿ, ಟೊಮೇಟೊ ಗೊಜ್ಜು, ಹಸಿಮೆಣಸಿನ ಚಟ್ನಿ ಸವರಿ, ಸುತ್ತಿ, ಬಿಳಿ ಕಾಗದದಲ್ಲಿಟ್ಟು ಕೊಡುವುದು. ಮಾಡಿದವರ ಮುತ್ತಜ್ಜ ಬಿಹಾರದಿಂದ ಕಬ್ಬಿನ ಗದ್ದೆಗೆ ಬಂದವ, ಗೊಜ್ಜು ಕಲಿಸಿದವರು ಆಫ್ರಿಕಾದವರು, ಹಿಟ್ಟು ಎಲ್ಲಿಂದಲೋ ಬಂದದ್ದು. "ಎಲ್ಲ ಹೊರಗಿನವರೇ ಸೇರಿ ಮಾಡಿದ ತಿಂಡಿ ಅದು" ಎನ್ನುತ್ತಿದ್ದರು. ಕೂರಲು ಜಾಗವಿಲ್ಲ. ಗಸಿ ಎರಡೂ ಕಡೆಯಿಂದ ಸೋರುತ್ತದೆ. ಅಂಗಿಗೆ ಕಲೆಯಾದರೆ ಹೋಟೆಲಿನ ಮ್ಯಾನೇಜರ್ ಬೈಯುತ್ತಾನೆ. ಆದ್ದರಿಂದ ಮುಂದಕ್ಕೆ ಬಗ್ಗುವುದು. ಬಸ್ಸಿಗೆ ಕಾಯುವ ಇಡೀ ಊರು ಹಾಗೆ ಬಗ್ಗಿ ನಿಂತಿರುತ್ತಿತ್ತಂತೆ, ಶಾಲೆಯ ಮಕ್ಕಳು, ಪೊಲೀಸರು, ಕಚೇರಿಯ ಗುಮಾಸ್ತರು, ಎಲ್ಲರೂ ನೆಲಕ್ಕೆ ನಮಸ್ಕಾರ ಮಾಡುವವರ ಹಾಗೆ.

ಮೊದಲ ಸಲ ಈ ವರ್ಣನೆ ಕೇಳಿದಾಗ ನಾನು, "ಅಂದರ ಬೆಲ್ಲ ಹಾಕೂದು ಮರತ ಹೋಳಿಗಿ ಅನ್ನರಿ" ಎಂದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ನೋಡಿದರು. ಹೋಳಿಗೆ ಎಂದರೇನೆಂದು ಗೊತ್ತಿಲ್ಲದ ಪೋಲೆಂಡಿನ ಲಾರಿ ಡ್ರೈವರ್ ಕೂಡ ಕೇಳಿ ತಲೆಯಾಡಿಸಬೇಕಾಯಿತು.

ಪ್ರತಿ ವರ್ಷ ಚಳಿಗಾಲ ಬಂದು ನಾಲ್ಕಕ್ಕೇ ಕತ್ತಲಾಗತೊಡಗಿದಾಗ ಅವರು ಒಂದೇ ಮಾತು ಎತ್ತುತ್ತಿದ್ದರು: ಬರುವ ವರ್ಷ ನಾವಿಬ್ಬರೂ ಹೋಗುವ. ಹೆಂಡತಿಯರು ಬಂದರೆ ಬರಲಿ. ಹೋಟೆಲು ಬೇಡ, ನಮ್ಮಲ್ಲಿ ಬಾಡಿಗೆಗೆ ಕೋಣೆ ಸಿಗುತ್ತದೆ. ಬೆಳಿಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ ತಿನ್ನುವುದು ಎಂದು ನಾನು ತೋರಿಸ್ತೇನೆ. ನಾನು ಒಂದು ನೋಟ್‌ಬುಕ್ ಮಾಡಿದೆ. ಟೀ ಹೊತ್ತಿನಲ್ಲಿ ಅವರು ಹೇಳುವರು, ನಾನು ಬರೆದುಕೊಳ್ಳುವೆ. ಅವರು ಒಂದೂ ಅಂಗಡಿಯ ಹೆಸರು ಹೇಳಲಿಲ್ಲ. ಅವರಿಗೆ ಗೊತ್ತೂ ಇರಲಿಲ್ಲ. 'ಸಂತೆಯ ಹಿಂದೆ, ಮೀನಿನ ವಾಸನೆ ನಿಂತು ಹೂವಿನ ವಾಸನೆ ಶುರುವಾಗುವಲ್ಲಿ, ಎಡಕ್ಕೆ, ಮೆಣಸಿನ ವಡೆ.' ಇಂಥವು. ಅವರ ವಾಕ್ಯಗಳ ಪಕ್ಕದಲ್ಲಿ ನಾನು ಕೆಂಪು ಪೆನ್ನಿನಲ್ಲಿ ನನ್ನವನ್ನು ಬರೆದೆ: ನೀರು? ಎಣ್ಣೆ? ಸಸ್ಯಾಹಾರವೇ ಖಂಡಿತವೇ? ಹತ್ತಿರ ಆಸ್ಪತ್ರೆ? ಚಂಡಮಾರುತ ಯಾವ ತಿಂಗಳು?

ಒಂದು ವರ್ಷ ಮಗಳ ಪರೀಕ್ಷೆ. ಒಂದು ವರ್ಷ ನನ್ನ ಬೆನ್ನು. ಒಂದು ವರ್ಷ ಬಾಯ್ಲರ್ ಕೆಟ್ಟಿತು. ಮತ್ತೊಂದು ವರ್ಷ ಏನೂ ಆಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಹೀಗೆ 'ಬರುವ ವರ್ಷ' ಎನ್ನುತ್ತಲೇ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮ್ಯಾನೇಜರ್ ಭಾಷಣ ಮಾಡುತ್ತಿದ್ದರೆ ಅವರು ಮೂಲೆಯಲ್ಲಿ ಬಗ್ಗಿ ನಿಂತು ಕೇಕ್ ತಿನ್ನುತ್ತಿದ್ದರು.

ನಿವೃತ್ತಿಯಾದ ಎರಡನೆಯ ವರ್ಷ ಹೃದಯದ ತೊಂದರೆ ಕಾಣಿಸಿತು. ಇನ್ನು ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರ್ ಹೇಳಿದರು. ಫೋನಿನಲ್ಲಿ ಅವರೇ ಇದನ್ನು ನನಗೆ ತಿಳಿಸಿದರು, ಬಸ್ಸು ತಪ್ಪಿತು ಎನ್ನುವ ಹಾಗೆ. ನಾನು ಈ ಕಡೆಯಿಂದ ಬರೀ "ಅಯ್ಯೋ ಸಾಹೇಬ್ರ" ಅಂದೆ. ಅಷ್ಟೂ ವರ್ಷಗಳ ಕೆಂಪು ಪೆನ್ನು ನನ್ನದೇ ಆಗಿತ್ತು.

ದೇವರು ಕೆಲವೊಮ್ಮೆ ಹಾಸ್ಯ ಮಾಡುತ್ತಾನೆ. ಅದೇ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ಮಗಳು ನಮಗೆ ತಿಳಿಸದೆ ಉಡುಗೊರೆಯಾಗಿ ಟಿಕೆಟ್ ತೆಗೆದಿದ್ದಳು, ಮಾರಿಷಸ್ಸಿಗೆ, ಪೂರ್ವ ಕರಾವಳಿಗೆ. ಮನೆಯಲ್ಲಿ ವರ್ಷಗಟ್ಟಲೆ ಅದರ ಜಪ ಕೇಳಿದವಳು, ಪಾಪ, ತಂದೆಗೆ ಇದೇ ಆಸೆ ಎಂದುಕೊಂಡಳು. ತಪ್ಪೂ ಅಲ್ಲ. ಊಟ ತಿಂಡಿ ಎಲ್ಲ ಸೇರಿದ ದೊಡ್ಡ ಹೋಟೆಲು. ಹೊರಗೆ ಕಾಲಿಡುವ ಅಗತ್ಯವೇ ಇಲ್ಲ. "ಯು ವೋಂಟ್ ಹ್ಯಾವ್ ಟು ವರಿ, ಡ್ಯಾಡ್" ಎಂದಳು.

ಹೊರಡುವ ಮುಂಚೆ ಎಜ್‌ವೇರಿಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕೇಳಿ ಅವರ ಮುಖ ಅರಳಿತು. ಅಸೂಯೆಯ ಒಂದು ಎಳೆಯಾದರೂ ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರ ಹೆಂಡತಿ ಚಹಾ ತಂದಿಟ್ಟು ಬಾಗಿಲ ಬಳಿ ನಿಂತರು. ಆಕೆ ಮಾತು ಕಡಿಮೆ. ಗಂಡ ದ್ವೀಪದಲ್ಲಿದ್ದ ಹನ್ನೊಂದು ವರ್ಷವೂ ಊರಿನಲ್ಲೇ ಅತ್ತೆಯನ್ನು ನೋಡಿಕೊಂಡು ಇದ್ದವರು. ಆ ನೆಲವನ್ನು ಒಮ್ಮೆಯೂ ಕಂಡವರಲ್ಲ.

"ಏನೂ ತರ್ಬೇಡಿ" ಎಂದರು ಸಾಹೇಬರು. "ದಾಲ್ ಪುರಿ ಮಧ್ಯಾಹ್ನದವರೆಗೂ ಉಳಿಯುದಿಲ್ಲ, ಚರ್ಮ ಆಗ್ತದೆ. ನೀವು ಫ್ಲಾಕಿಗೆ ಹೋಗಿ, ಹತ್ತು ಗಂಟೆ ಒಳಗೆ, ಅಲ್ಲೇ ನಿಂತು ತಿನ್ನಿ. ಹೇಗಿತ್ತು ಅಂತ ಬಂದು ನಂಗೆ ಹೇಳಿ. ಅಷ್ಟೇ."

ಜೀವನದಲ್ಲಿ ನನ್ನಿಂದ ಅವರು ಕೇಳಿದ್ದು ಇದೊಂದೇ.

ಹೋದೆವು. ಆ ಸಮುದ್ರದ ಬಣ್ಣವನ್ನು ವರ್ಣಿಸುವ ಶಕ್ತಿ ನನಗಿಲ್ಲ, ಅದರಲ್ಲಿ ಮುಳುಗಿಬಿಟ್ಟರೆ ಎಂಬ ಯೋಚನೆಯಲ್ಲೇ ಅರ್ಧ ನೋಡಿದೆ. ಒಂದು ವಾರ ಹೋಟೆಲಿನ ಬಫೆಯಲ್ಲಿ ಬ್ರೆಡ್ಡು, ಬೇಯಿಸಿದ ತರಕಾರಿ. ಫ್ಲಾಕಿಗೆ ಹೋಗುವುದನ್ನು ಸೋಮವಾರದಿಂದ ಮಂಗಳವಾರಕ್ಕೆ, ಮಂಗಳವಾರದಿಂದ ಬುಧವಾರಕ್ಕೆ ತಳ್ಳುತ್ತ ಕೊನೆಯ ದಿನಕ್ಕೆ ತಂದೆ. ಮರುದಿನ ಬೆಳಿಗ್ಗೆ ವಿಮಾನ.

ಹೆಂಡತಿ ಸಂತೆಯಲ್ಲಿ ವೆನಿಲ್ಲಾ ಕೋಡು ಆರಿಸುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನ ಮೂಲೆಗೆ ನಡೆದೆ. ಇತ್ತು. ಇಷ್ಟು ವರ್ಷಗಳ ನಂತರವೂ ಅಲ್ಲೊಂದು ಗಾಜಿನ ಪೆಟ್ಟಿಗೆ ಇತ್ತು, ಹಿಂದೆ ಒಬ್ಬ ನಡುವಯಸ್ಸಿನ ಹೆಂಗಸು, ಮುಂದೆ ಸರತಿ ಸಾಲು. ಸುತ್ತ ಜನ ಬಗ್ಗಿ ನಿಂತಿದ್ದರು. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಾಹೇಬರು ಇಪ್ಪತ್ತು ಮೂವತ್ತು ಮಂದಿಯಾಗಿ ನಿಂತಿದ್ದಾರೆ ಅನ್ನಿಸಿತು. ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇಬ್ಬರು ಉಳಿದಾಗ ನನ್ನ ತಲೆ ತನ್ನ ಕೆಲಸ ಶುರುಮಾಡಿತು. ಆಕೆ ಚಿಲ್ಲರೆ ಮುಟ್ಟಿದ ಕೈಯಲ್ಲೇ ಪುರಿ ಎತ್ತುತ್ತಾಳೆ. ಗಸಿ ಯಾವಾಗ ಮಾಡಿದ್ದೋ. ನಾಳೆ ಹನ್ನೆರಡು ತಾಸು ವಿಮಾನದಲ್ಲಿ ಕೂರಬೇಕು, ಕಿಟಕಿಯ ಸೀಟು, ಎದ್ದು ಹೋಗುವುದಾದರೆ ಇಬ್ಬರನ್ನು ದಾಟಬೇಕು. ಒಬ್ಬರು ಉಳಿದರು. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಯಾರದೋ ಫೋನ್ ಬಂದವನ ಹಾಗೆ ಜೇಬಿಗೆ ಕೈಹಾಕಿ ಸಾಲಿನಿಂದ ಪಕ್ಕಕ್ಕೆ ಸರಿದೆ.

ಹೆಂಡತಿಗೆ, ಮುಗಿದುಹೋಗಿತ್ತು ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ವೆನಿಲ್ಲಾ ಚೀಲವನ್ನು ನನ್ನ ಕೈಗೆ ಕೊಟ್ಟಳು.

ಲಂಡನ್ನಿಗೆ ಮರಳಿದ ಮೂರನೆಯ ದಿನ ಎಜ್‌ವೇರಿಗೆ ಹೋದೆ. ಆ ಎರಡು ವಾರಗಳಲ್ಲಿ ಅವರು ತುಂಬ ಇಳಿದುಹೋಗಿದ್ದರು. ಕೆಳಗಿನ ಕೋಣೆಗೆ ಮಂಚ ತಂದಿದ್ದರು. ಊಟ ಸೇರುವುದಿಲ್ಲ, ಎರಡು ಚಮಚ ಗಂಜಿಗೆ ಸಾಕೆನ್ನುತ್ತಾರೆ ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು. ದಾರಿಯಲ್ಲಿ ನಾನು ನಿಜ ಹೇಳುವುದೆಂದು ತೀರ್ಮಾನಿಸಿದ್ದೆ, ಬೇಕಾದರೆ ನಂಬಿ. ಆದರೆ ಅವರು ದಿಂಬಿಗೆ ಒರಗಿ, ಕೂದಲು ಬಾಚಿಸಿಕೊಂಡು, ಕಾಯುತ್ತಿದ್ದರು.

ಮೊದಲ ಪ್ರಶ್ನೆಗಳು ಸುಲಭವಾಗಿದ್ದವು. ಮೂಲೆಯಲ್ಲೇ ಇತ್ತೇ? ಇತ್ತು. ಗಾಜಿನ ಪೆಟ್ಟಿಗೆಯೇ? ಹೌದು. ಜನ ಬಗ್ಗಿ ನಿಂತಿದ್ದರೇ? ನಿಂತಿದ್ದರು. ಒಂದೂ ಸುಳ್ಳಲ್ಲ. ಆಮೇಲೆ ಕೇಳಿದರು:

"ಎಷ್ಟು ತಿಂದ್ರಿ?"

"ಒಂದ ತಿಂದೆ ನೋಡ್ರಿ ಸಾಹೇಬ್ರ. ಹೊಟ್ಟಿ ತುಂಬಿಬಿಡ್ತು."

ಒಂದು ಅಂದರೆ ಸಣ್ಣ ಸುಳ್ಳು, ಎರಡು ಅಂದರೆ ದೊಡ್ಡದು ಎಂಬ ಲೆಕ್ಕ ನನ್ನದು.

"ಒಂದಾ?"

"ಒಂದ ರೀ."

"ಹೇಗಿತ್ತು?"

ಈಗ ಹಿಂದೆ ಸರಿಯಲು ಸಾಲು ಇರಲಿಲ್ಲ. ಬಾಯಿ ತೆರೆದೆ. ಬಂದದ್ದು ನಮ್ಮವ್ವನ ಅಡಿಗೆಮನೆ. ಹೋಳಿಗೆಯ ದಿನ ಬೇಳೆ ಕುದ್ದು, ಕಟ್ಟು ಬಸಿದು, ಬೆಲ್ಲ ಬೀಳುವ ಮುಂಚಿನ ಐದು ನಿಮಿಷವಿತ್ತಲ್ಲ, ಆಗ ನಾನು ಬುಟ್ಟಿಯಿಂದ ಬಿಸಿ ಬೇಳೆ ಕದ್ದು, ಉಪ್ಪಿನಲ್ಲಿ ಅದ್ದಿ ತಿನ್ನುತ್ತಿದ್ದೆ. ಬೆರಳಲ್ಲಿ ಹಿಚುಕಿದರೆ ಹಿಟ್ಟಾಗುವ, ನಾಲಿಗೆಯ ಮೇಲೆ ಸ್ವಲ್ಪ ಮರಳುಮರಳಾಗಿ ನಿಂತು ಆಮೇಲೆ ಕರಗುವ ಬೇಳೆ. ಸಿಹಿ ಇನ್ನೂ ಬಂದಿಲ್ಲ, ಬರುತ್ತದೆ ಎಂಬುದು ಮಾತ್ರ ಗೊತ್ತು. ಅದನ್ನು ಹೇಳಿದೆ. ಅವ್ವನ ಹೆಸರು ಬಿಟ್ಟು ಉಳಿದುದನ್ನೆಲ್ಲ ಹೇಳಿದೆ. ಕಣಕ ತೆಳ್ಳಗೆ, ಒಳಗಿನ ಪುಡಿ ಹಲ್ಲಿಗೆ ಹತ್ತಿ ಉದುರುವುದು, ಗಸಿ ಅದನ್ನು ನೆನೆಸುವುದು, ಖಾರ ಕೊನೆಗೆ ಬಂದು ಕಿವಿಯ ಹಿಂದೆ ನಿಲ್ಲುವುದು. ನಾನು ಎಂದೂ ಅಷ್ಟು ಹೊತ್ತು ಹೆದರದೆ ಮಾತಾಡಿದವನಲ್ಲ. ಅವರು ಕಣ್ಣು ಮುಚ್ಚಿದ್ದರು. ತುಟಿಗಳು ಸಣ್ಣಗೆ ಆಡುತ್ತಿದ್ದವು.

"ಸರಿ" ಅಂದರು ಕೊನೆಗೆ. "ಸರಿ ಉಂಟು."

ಅದಾದ ಮೇಲೆ ಒಂಬತ್ತು ದಿನ ಇದ್ದರು.

ಸುಳ್ಳು ಹೇಳಿದವನಿಗೆ ಇರುವ ಒಂದೇ ಆಧಾರವೆಂದರೆ ಕೇಳಿದವರು ನಂಬಿದರು ಎಂಬುದು. ಅದನ್ನು ಹಿಡಿದುಕೊಂಡೇ ನಾನು ಸಮಾಧಿಯ ದಿನ ಕಳೆದೆ, ಮುಂದಿನ ಮೂರು ವಾರವೂ ಕಳೆದೆ. ಅವರು ತೀರಿ ತಿಂಗಳಾದಾಗ ಇಗರ್ಜಿಯಲ್ಲಿ ನಡೆಯುವ ಬಲಿಪೂಜೆಗೆ ಕರೆ ಬಂತು. ಪೂಜೆ ಮುಗಿದು, ಬಂದವರು ಹೋಗಿ, ನಾನು ಅವರ ಮನೆಯಲ್ಲಿ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದೆ. ಸಾಹೇಬರ ಹೆಂಡತಿ ತಟ್ಟೆ ಒರೆಸುತ್ತ, ಆ ದಿನ ನೀವು ಬಂದದ್ದು ಒಳ್ಳೆಯದಾಯಿತು ಎಂದರು. ನೀವು ಹೋದ ಮೇಲೆ ತುಂಬ ನಕ್ಕರು, ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದರು ಎಂದರು. ನನಗೆ ಹಿತವಾಯಿತು. ಯಾಕೆ ನಕ್ಕರು ಎಂದು ಕೇಳಿದೆ. ಕೇಳಬಾರದಿತ್ತು, ಅಥವಾ ಕೇಳಬೇಕಿತ್ತು.

"ನೀವು ತಿನ್ಲಿಲ್ಲ ಅಂತ" ಅಂದರು ಆಕೆ. ದನಿಯಲ್ಲಿ ಆಕ್ಷೇಪವೇ ಇರಲಿಲ್ಲ, ಮಳೆ ಬಂತು ಎನ್ನುವ ಹಾಗೆ. "ಅಲ್ಲಿ ಒಂದು ಅಂತ ಕೊಡುದೇ ಇಲ್ಲವಂತೆ. ಯಾವಾಗ್ಲೂ ಜೋಡಿ. ಒಂದರ ಮೇಲೆ ಒಂದು ಇಟ್ಟು ಸುತ್ತಿ ಕೊಡುದು. ಕೇಳುದೂ ಜೋಡಿ ಅಂತಲೇ. ಅಲ್ಲಿಯ ಸಣ್ಣ ಮಕ್ಕಳೂ ಒಂದು ಅನ್ನುದಿಲ್ಲವಂತೆ."

ಹತ್ತು ವರ್ಷ ನೋಟ್‌ಬುಕ್ ತುಂಬಿಸಿದ್ದೆ. ನೀರು, ಎಣ್ಣೆ, ಆಸ್ಪತ್ರೆ ಎಲ್ಲ ಕೇಳಿದ್ದೆ. ಜೋಡಿ ಎಂಬುದನ್ನು ಅವರು ಹೇಳಿರಲಿಲ್ಲ. ಹೇಳುವ ಸಂಗತಿ ಎಂದು ಅವರಿಗೆ ತೋಚಿಯೇ ಇರಲಿಲ್ಲ. ಒಂದು ಪ್ಲೇಟ್ ಇಡ್ಲಿ ಅಂದರೆ ಎರಡು ಎಂದು ನಾವು ಯಾರಿಗಾದರೂ ಹೇಳಿಕೊಡುತ್ತೇವೆಯೇ?

ಕೈಯಲ್ಲಿದ್ದ ಕುರ್ಚಿಯನ್ನು ಬಿಚ್ಚಿ ಅದರಲ್ಲೇ ಕೂತೆ. ಹಾಗಾದರೆ ನನ್ನನ್ನು ಏಕೆ ಕೇಳಲಿಲ್ಲ, ಏಕೆ ಬಯ್ಯಲಿಲ್ಲ ಎಂದೆ. ಕೇಳಿದರೆ ಧಾರವಾಡದವರಿಗೆ ಆರು ತಿಂಗಳು ನಿದ್ರೆ ಬಾರದು ಎಂದರಂತೆ. ಆಕೆ ತಟ್ಟೆಯನ್ನು ಕಪಾಟಿನಲ್ಲಿಟ್ಟು ತಿರುಗಿದರು.

"ಆದ್ರೆ ಒಂದು ಮಾತ್ರ ಅವರಿಗೆ ಕೊನೆವರೆಗೂ ತಿಳಿಲಿಲ್ಲ. ರಾತ್ರಿಯೂ ಅದನ್ನೇ ಹೇಳ್ತಿದ್ರು. ತಿನ್ನದೇ ಇದ್ದವ್ರು ರುಚಿಯನ್ನು ಅಷ್ಟು ಸರಿ ಹೇಗೆ ಹೇಳಿದ್ದು ಅಂತ."

ನಾನು ಆಕೆಗೆ ಉತ್ತರ ಹೇಳಿದೆ: ಅವ್ವ, ಬುಟ್ಟಿ, ಬೆಲ್ಲ ಬೀಳುವ ಮುಂಚಿನ ಐದು ನಿಮಿಷ. ಯಾರಿಗೆ ಹೇಳಬೇಕಿತ್ತೋ ಅವರ ಮಂಚ ಆಗಲೇ ಆ ಕೋಣೆಯಿಂದ ಹೊರಗೆ ಹೋಗಿತ್ತು, ಕಾರ್ಪೆಟ್ಟಿನ ಮೇಲೆ ಅದರ ನಾಲ್ಕು ಕಾಲಿನ ಗುಳಿ ಉಳಿದಿತ್ತು. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ನಾನು ಮದುವೆಯಾಗಿ ನಲವತ್ತು ವರ್ಷ ಅದರ ಕತೆಯನ್ನೇ ಕೇಳಿದವಳು, ಒಂದು ತುಣುಕು ತಿಂದವಳಲ್ಲ, ಎಂದರು.

"ನೀವು ಇನ್ನೊಮ್ಮೆ ಹೋಗಿ. ಹೋಗಿ, ನೀವು ಹೇಳಿದ್ದು ಸರಿ ಉಂಟಾ ನೋಡಿ, ಬಂದು ನಂಗೆ ಹೇಳಿ. ಅವರಿಗಾದ್ರೆ ಸುಳ್ಳು ಗೊತ್ತಾಗ್ತಿತ್ತು. ನಂಗೆ ಗೊತ್ತಾಗುದಿಲ್ಲ. ಹಾಗಾಗಿ ತಿಂದೇ ಬನ್ನಿ."

ಟಿಕೆಟ್ ತೆಗೆದಿದ್ದೇನೆ. ರದ್ದು ಮಾಡಿದರೆ ದುಡ್ಡು ಮರಳಿ ಬಾರದ ಟಿಕೆಟ್. ಅಂಥದ್ದನ್ನು ಕೊಂಡದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಹೋಟೆಲಲ್ಲ, ಫ್ಲಾಕಿನಲ್ಲೇ ಬಾಡಿಗೆ ಕೋಣೆ. ಆಕೆಯನ್ನೂ ಕರೆದೆವು, ಮೊಣಕಾಲು ಒಪ್ಪುವುದಿಲ್ಲ ಎಂದರು. ನನ್ನ ಹೆಂಡತಿ ಮಾತ್ರ ಬರುತ್ತಾಳೆ. ಹೋದ ಸಲದ ಸಂಗತಿಯನ್ನು ಅವಳಿಗೂ ಹೇಳಿದೆ. "ಗೊತ್ತಿತ್ತು ಬಿಡ್ರಿ. ಬೆಳಗ ಮುಂಜಾನೆ ಮುಗಿಯೂದು ಎಲ್ಲಿಂದ ಬಂತು. ಈ ಸಲ ಸಾಲಿನ್ಯಾಗ ನಿಮ್ಮ ಹಿಂದ ನಾ ನಿಂದರತೀನಿ" ಎಂದಳು. ನೋಟ್‌ಬುಕ್ಕಿನ ಕೆಂಪು ಪ್ರಶ್ನೆಗಳು ಹಾಗೆಯೇ ಇವೆ. ಅವುಗಳ ಉತ್ತರ ಈಗಲೂ ನನಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದು ಈಗಲೂ ಹಿತವಾಗಿಲ್ಲ. ಗೋದಾಮಿನಲ್ಲಿ ಹೊಸಬರು ಸರಕು ಎಣಿಸುತ್ತಾರೆ. ಗ್ಯಾಸಿನ ಸಂಶಯ ಬಂದಾಗ ನಾನು ಈಗಲೂ ಪೆಟ್ಟಿಗೆಗಳ ಸಾಲಿನ ಮರೆಗೇ ಹೋಗಿ ಫೋನ್ ಮಾಡುತ್ತೇನೆ, ಮಾತು ಮುಗಿದ ಮೇಲೂ ಒಂದು ಗಳಿಗೆ ಅಲ್ಲೇ ನಿಲ್ಲುತ್ತೇನೆ.

ಮೊನ್ನೆ ಶನಿವಾರ ಅಡಿಗೆಮನೆಯಲ್ಲಿ ಚಪಾತಿಗೆ ಕಾಳಿನ ಪಲ್ಯವನ್ನು ನೀರು ನೀರಾಗಿ ಮಾಡಿ ಸುತ್ತಿದೆ. ಒಂದಲ್ಲ, ಎರಡು ಚಪಾತಿ, ಒಂದರ ಮೇಲೊಂದು. ಸಿಂಕಿನ ಮುಂದೆ ಕಾಲು ಅಗಲಿಸಿ ನಿಂತು, ಎಡಗೈಯಿಂದ ಅಂಗಿಯನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಗ್ಗಿದೆ. ಅಷ್ಟರಲ್ಲಿ ಮಗಳು ಒಳಗೆ ಬಂದವಳು ಗಾಬರಿಯಾಗಿ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಡ್ಯಾಡ್, ಆರ್ ಯು ಗೋಯಿಂಗ್ ಟು ಬಿ ಸಿಕ್?"

"ಇಲ್ಲವಾ" ಎಂದೆ ತಲೆಯೆತ್ತದೆ. "ತಿನ್ನಾಕತ್ತೀನಿ."